ಮನೆಯೂ ಇದೇ, ದೋಣಿಯೂ ಇದೇ

ಗದಗ-ಬೆಟಗೇರಿಯವರಿಗೂ ದೋಣಿಗೂ ಏನು ಸಂಬಂಧವೆಂದು ಓದುಗರು ಕೇಳಿದರೆ ಅದು ನ್ಯಾಯವೇ. ಮಗ್ಗದ ಸದ್ದು, ಹತ್ತಿಯ ಅಂಡಿಗೆ, ಎರೆಹೊಲ, ಬೇಸಗೆಯಲ್ಲಿ ನಲ್ಲಿಯ ಮುಂದೆ ಕೊಡಗಳ ಸಾಲು, ಇವುಗಳ ನಡುವೆ ಬೆಳೆದವರು ನಾವು. ಆದರೂ ಕಳೆದ ವರ್ಷವೆಲ್ಲ ಬೆಟಗೇರಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತರೂ ಎದ್ದರೂ ದೋಣಿಯ ವಿಮೆಯದೇ ಮಾತಾಗಿದ್ದಿತು.

ಅಕ್ಕನ ಮಗ ಲಂಡನ್ನಿನಲ್ಲಿ ನೌಕರಿಯಲ್ಲಿದ್ದಾನೆ. ಅಲ್ಲಿಯ ಮನೆಬಾಡಿಗೆಗೆ ಬೇಸತ್ತು, ಕಾಲುವೆಯಲ್ಲಿ ತೇಲುವ ಒಂದು ಉದ್ದನೆಯ, ಇಕ್ಕಟ್ಟಾದ ದೋಣಿಯನ್ನು ಕೊಂಡು ಅದರಲ್ಲಿಯೇ ಸಂಸಾರ ಹೂಡಿದನು. ಒಲೆ, ಮಂಚ, ದೇವರ ಪಟ ಎಲ್ಲವೂ ಅದರೊಳಗೆ. ಅಲ್ಲಿಯ ಕಾಲುವೆಗಳ ಆಡಳಿತದವರು ಪರವಾನಿಗೆ ಕೊಡುವ ಮುನ್ನ ದೋಣಿ ಸುರಕ್ಷಿತವೆಂಬ ಪತ್ರವನ್ನೂ, ಅದರಿಂದ ಇತರರಿಗಾಗಬಹುದಾದ ಹಾನಿಗೆ ಕನಿಷ್ಠ 20 ಲಕ್ಷ ಪೌಂಡುಗಳ ವಿಮೆಯನ್ನೂ ಕೇಳುತ್ತಾರೆ. ದೋಣಿ ಕಟ್ಟಲು ಸ್ವಂತದ ಜಾಗವಿಲ್ಲದವನು ಸಾಮಾನ್ಯವಾಗಿ 14 ದಿನಗಳಿಗಿಂತ ಹೆಚ್ಚು ಕಾಲ ಒಂದೆಡೆ ನಿಲ್ಲಬಾರದೆಂದು 1995ರ ಕಾಯಿದೆ ಹೇಳುತ್ತದೆ. ತೊಡಕು ಹುಟ್ಟಿದ್ದು ಇಲ್ಲಿಯೇ. ವಿಮೆಯ ಅರ್ಜಿಯಲ್ಲಿ ಖಾಯಂ ವಿಳಾಸ ಬರೆಯಬೇಕಷ್ಟೆ. ಎರಡು ವಾರಕ್ಕೊಮ್ಮೆ ಮನೆಯೇ ಎದ್ದು ಮುಂದೆ ಹೋಗುವವನಿಗೆ ಖಾಯಂ ವಿಳಾಸ ಎಲ್ಲಿಂದ ಬರಬೇಕು?

ರಜೆಯಲ್ಲಿ ವಿಹರಿಸುವ ದೋಣಿಯೆಂದು ಬರೆದರೆ ಕಂತು ಕಡಿಮೆಯಾಗುತ್ತಿದ್ದಿತು. ಹಾಗೆ ಬರೆಯಲು ಕೆಲವು ಗೆಳೆಯರು ಹುಡುಗನಿಗೆ ಹೇಳಿಯೂ ಇದ್ದರು. ಇದನ್ನು ಕೇಳಿ ನಮ್ಮ ಭಾವನವರು ಸಿಡಿದೆದ್ದರು. ಮೂವತ್ತು ವರ್ಷ ವಿಮಾ ಕಚೇರಿಯಲ್ಲಿದ್ದು ಲಾರಿಗಳಿಗೂ ಹತ್ತಿಯ ಗೋದಾಮುಗಳಿಗೂ ಪಾಲಿಸಿ ಬರೆದವರು ಅವರು. “ಸುಳ್ಳು ಬರೆದು ಪಡೆದ ವಿಮೆ ಕಂತು ಕಟ್ಟುವ ತನಕ ಮಾತ್ರ ವಿಮೆ. ಪರಿಹಾರ ಕೇಳಿದ ದಿನ ಅದು ಬರಿಯ ಕಾಗದ” ಎಂದು ಫೋನಿನಲ್ಲಿಯೇ ಗದರಿದರು. ಹಡಗು-ದೋಣಿಗಳ ವಿಮೆ ಪೂರ್ಣ ವಿಶ್ವಾಸದ ಕರಾರು. ನಮ್ಮ ದೇಶದ 1963ರ ಸಾಗರ ವಿಮಾ ಕಾಯಿದೆಯೂ ಅದನ್ನೇ ಹೇಳುತ್ತದೆ. ಹುಡುಗ ನಿಜವನ್ನೇ ಬರೆದನು. ಒಬ್ಬರು ಒಲ್ಲೆವೆಂದರು, ಇನ್ನೊಬ್ಬರು ಹೆಚ್ಚು ಹಣ ಕೇಳಿದರು. ಕಡೆಗೆ ಇಂತಹ ವಾಸದ ದೋಣಿಗಳನ್ನು ಬಲ್ಲ ಒಂದು ಕಂಪನಿಯವರು, ನೀರಿನಿಂದ ಮೇಲೆತ್ತಿ ತಳವನ್ನು ಪರೀಕ್ಷಿಸಿದ ವರದಿ ತರಿಸಿಕೊಂಡು ಒಪ್ಪಿದರು. ದೋಣಿಗೆ ಮಾಡಿದ ವಿಮೆ ಅದರೊಳಗಿನ ಬಟ್ಟೆ-ಪಾತ್ರೆಗಳಿಗೆ ತಾನಾಗಿ ಸಲ್ಲುವುದಿಲ್ಲವೆಂದು ಭಾವನವರು ನೆನಪಿಸಿದ ಮೇಲೆ ಅವುಗಳ ಪಟ್ಟಿಯನ್ನೂ ಬೇರೆಯಾಗಿ ಸೇರಿಸಿದ್ದಾಯಿತು.

ಪಾಲಿಸಿ ಕೈಗೆ ಬಂದರೆ ಸಿಂಗಟಾಲೂರಿನ ವೀರಭದ್ರೇಶ್ವರನಿಗೆ ಬರುತ್ತೇನೆಂದು ಅಕ್ಕ ಹರಕೆ ಹೊತ್ತಿದ್ದಳು. ವಿಮೆಗಾಗಿ ಹರಕೆ ಹೊತ್ತವರು ಜಿಲ್ಲೆಯಲ್ಲಿ ಇನ್ನಾರೂ ಇರಲಾರರು! ಮಾಗಿಯ ಒಂದು ಮುಂಜಾನೆ ಮೂವರೂ ಹೊರಟೆವು. ಡಂಬಳ, ಕಪ್ಪತಗುಡ್ಡದ ನೀಲಿ ಸಾಲು, ಮುಂಡರಗಿ, ಇವೆಲ್ಲ ಹಿಂದಾದ ಮೇಲೆ ತುಂಗಭದ್ರೆ ಕಣ್ಣಿಗೆ ಬೀಳುವಳು. ಒಣನೆಲದವರ ಕಣ್ಣಿಗೆ ಆ ನೀರಿನ ಹರಹು ನಂಬಲಾಗದಂತಹದು. ಹಮ್ಮಗಿಯ ಬಳಿ ಬ್ಯಾರೇಜು ಆದ ಮೇಲೆ ನೀರು ಹಿಂದೆ ಸರಿದು ಕೆರೆಯಂತೆ ನಿಲ್ಲುತ್ತದೆ.

ಪೂಜೆ ಮುಗಿಸಿ ದಂಡೆಗಿಳಿದೆವು. ಮರಳಿನ ಮೇಲೆ ನಾಲ್ಕು ಹರಿಗೋಲುಗಳು ಬೋರಲಾಗಿದ್ದವು. ಒಂದರ ಅಂಚಿಗೆ ಕಲ್ಲಿಟ್ಟು ಒಂದು ಮಗ್ಗುಲನ್ನು ಎತ್ತಿದ್ದರು. ಒಳಗೆ ಕೌದಿ, ಹಿಟ್ಟಿನ ಡಬ್ಬಿ, ಮಲಗಿದ ಕೂಸು. ಹೊರಗೆ ಮೂರು ಕಲ್ಲಿನ ಒಲೆ. ಮೀನು ಹಿಡಿಯುತ್ತ ಹೊಳೆಗುಂಟ ಸಾಗುವ ಸಂಸಾರಗಳವು. ಹಗಲು ಹರಿಗೋಲು ಅವರ ದುಡಿಮೆ, ರಾತ್ರಿ ಅದನ್ನೇ ಮಗುಚಿದರೆ ಮನೆ. ಮಳೆಗಾಲದಲ್ಲಿ ಮಾತ್ರ ಊರು ಸೇರುತ್ತಾರಂತೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ನದಿಯ ಕೆಳಗಡೆ ಇಂತಹ ದುಂಡು ಬುಟ್ಟಿದೋಣಿಗಳನ್ನು ಕಂಡು, ಹದಿನೈದಿಪ್ಪತ್ತು ಜನರನ್ನು ಹೊತ್ತು ತಿರುಗುತ್ತ ತಿರುಗುತ್ತ ಸಾಗುತ್ತವೆಂದು ಬೆರಗಿನಿಂದ ಬರೆದನು. ಅಂದು ಹೊದಿಕೆ ಚರ್ಮದ್ದು; ನಾವು ಕಂಡದ್ದು ಬಿದಿರಿನ ಹೆಣಿಗೆಗೆ ಡಾಂಬರು ಬಳಿದ ತಾಡಪಾಲು.

ಭಾವನವರಿಗೆ ಹಳೆಯ ಚಾಳಿ. “ಇದಕ್ಕ ವಿಮಾ ಮಾಡಿಸೀಯೇನಪಾ?” ಎಂದು ಕೇಳಿಯೇಬಿಟ್ಟರು. ನಮಗೆ ನಗು ಬಂದಿತು. ಬಲೆ ಬಿಡಿಸುತ್ತಿದ್ದ ಆತ ನಗಲಿಲ್ಲ.

“ಕೇಳಾಕ ಹೋಗಿದ್ದೆ ರೀ ಸಾಹೇಬ್ರ. ದೋಣಿ ನೋಂದಣಿ ಕಾಗದ ತಾ ಅಂದ್ರು. ಇಲ್ರೀ ಅಂದೆ. ಹಂಗಾರ ಮನೀ ಉತಾರ ತಾ ಅಂದ್ರು. ಮನೀನೂ ಇದ, ದೋಣೀನೂ ಇದ ಅಂದೆ. ನಕ್ಕು ಕಳಿಸಿದ್ರು ರೀ.”

ಹಿಂದಿನ ಬೇಸಗೆಯ ಒಂದು ರಾತ್ರಿ ಬಿರುಗಾಳಿ ಅವನ ಹರಿಗೋಲನ್ನು ಕೂಸಿನ ಮೇಲಿಂದ ಎತ್ತಿ ಬಂಡೆಗೆ ಬಡಿದಿದ್ದಿತು. ಕೂಸು ಉಳಿಯಿತು. ಬೆಳಗಾಗುವಷ್ಟರಲ್ಲಿ ಸೂರೂ ಇಲ್ಲ, ದುಡಿಯುವ ದಾರಿಯೂ ಇಲ್ಲ. ಉಳಿದ ಮೂರು ಹರಿಗೋಲಿನವರು ಬಿದಿರು ಕೊಟ್ಟರು, ಹೊಸದನ್ನು ಹೆಣೆಯುವವರೆಗೆ ತಮ್ಮ ಮೀನಿನಲ್ಲಿ ಪಾಲು ಕೊಟ್ಟರು. ಗದಗದ ಮಗ್ಗುಲಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘ ಕಟ್ಟಿದಾಗ ರೈತರು ಮಾಡಿದ್ದೂ ಹೆಚ್ಚುಕಡಮೆ ಇದನ್ನೇ. ಆದರೆ ನಾಲ್ಕು ಹರಿಗೋಲುಗಳ ಸಂಘದ ಮೇಲೆ ಒಂದೇ ಗಾಳಿ ಬೀಸಿದರೆ ಯಾರು ಯಾರಿಗೆ ಕೊಡಬೇಕು?

ಮನುಷ್ಯನ ಮಟ್ಟಿಗೆ ಏರ್ಪಾಟುಗಳಿವೆ. ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ. 2020ರ ಮತ್ಸ್ಯ ಸಂಪದ ಯೋಜನೆಯ ಗುಂಪು ವಿಮೆಯಲ್ಲಿ ಮೀನುಗಾರನ ಅಪಘಾತದ ಸಾವಿಗೆ 5 ಲಕ್ಷ. ಆದರೆ ಇವೆರಡೂ ಸತ್ತವನ, ಅಂಗ ಊನವಾದವನ ವಿಮೆಗಳು. ಬದುಕಿ ಉಳಿದು ಹರಿಗೋಲು ಕಳೆದುಕೊಂಡವನಿಗೆ ಇವುಗಳಿಂದ ಒಂದು ಗಳುವೂ ದೊರೆಯದು. 2021ರ ಒಳನಾಡು ಹಡಗುಗಳ ಕಾಯಿದೆ ವಿಮೆಯನ್ನು ಕಡ್ಡಾಯ ಮಾಡಿದ್ದು ಯಂತ್ರದ ದೋಣಿಗಳಿಗೆ. ಹುಟ್ಟಿನ ದೋಣಿಗಳ ಹೆಸರನ್ನು ಸ್ಥಳೀಯ ಸಂಸ್ಥೆಗಳು ದಾಖಲಿಸಿಕೊಳ್ಳುವ ದಾರಿ ಅದರಲ್ಲಿದೆ. ಆ ದಾಖಲೆ ದೊರೆತರೆ ವಿಮಾ ಕಚೇರಿಯ ಮೇಜಿನ ಮೇಲೆ ಇಡಲು ಒಂದು ಕಾಗದವಾದರೂ ಆದೀತೆಂದು ಭಾವನವರ ಎಣಿಕೆ. ಆದರೆ ಯಾವ ಪಂಚಾಯತಿಯಲ್ಲಿ ಬರೆಸುವುದು? ಈ ತಿಂಗಳು ಈ ದಂಡೆ, ಮುಂದಿನ ತಿಂಗಳು ಆಚೆಯ ದಂಡೆ. ಆಚೆಯದು ಬೇರೆ ಜಿಲ್ಲೆ.

ನನಗೆ ಮನುಸ್ಮೃತಿಯ ಒಂದು ವಿಧಿ ನೆನಪಾಯಿತು. ಅಂಬಿಗರ ತಪ್ಪಿನಿಂದ ದೋಣಿಯಲ್ಲಿದ್ದ ಸರಕು ಹಾಳಾದರೆ ಅವರೆಲ್ಲ ಕೂಡಿ ತಮ್ಮ ತಮ್ಮ ಪಾಲು ತೆರಬೇಕು. ದೈವಿಕವಾಗಿ ಹಾಳಾದರೆ ದಂಡವಿಲ್ಲ. ಭಾವನವರಿಗೆ ಹೇಳಿದೆ. “ನಮ್ಮ ವಿಮಾ ಶಾಸ್ತ್ರ ಅದರ ತಿರುವುಮುರುವು. ಬೇಕೆಂದೇ ಮಾಡಿದ ತಪ್ಪಿಗೆ ಕೊಡುವುದಿಲ್ಲ, ದೈವಿಕಕ್ಕೇ ಕೊಡುವುದು. ಇವನಿಗೆ ಆದದ್ದು ದೈವಿಕವೇ” ಎಂದರು. ಸ್ವಲ್ಪ ತಡೆದು, “ಇಲಿ ಕಡಿದರೆ ಮಾತ್ರ ಕೊಡುವುದಿಲ್ಲ, ಕಾಯಿದೆಯಲ್ಲಿಯೇ ಇದೆ” ಎಂದು ಸೇರಿಸಿದರು. ಆ ಮಾತು ಕೇಳಿ ಒಲೆಯ ಮುಂದಿದ್ದ ಹೆಂಗಸು, “ಇಲೀನ ಭಾಳ ರೀ ಇಲ್ಲೆ” ಎಂದಳು.

ಅಕ್ಕ ತನ್ನ ಬುತ್ತಿಯ ರೊಟ್ಟಿ-ಪಲ್ಯ ಆಕೆಯ ಮುಂದಿಟ್ಟು, “ರಾತ್ರಿ ಅಂಜಿಕಿ ಬರಂಗಿಲ್ಲೇನವಾ ನೀರಿನ ಕಡೀಗೆ?” ಎಂದು ಕೇಳಿದಳು. ಲಂಡನ್ನಿನ ಸೊಸೆಯನ್ನು ಅವಳು ಪ್ರತಿ ಭಾನುವಾರ ಕೇಳುವ ಪ್ರಶ್ನೆಯೂ ಇದೇ. “ನೀರಿಗೆ ಯಾಕ ಅಂಜೂದ್ರೀ ಯವ್ವಾ, ಗಾಳೀಗೆ ಅಂಜತೀವಿ” ಎಂದಿತು ಆ ಜೀವ.

ಭಾವನವರು ಪೂಜೆಯ ರಸೀದಿಯನ್ನು ತಿರುವಿ, ಪೆನ್ನು ತೆಗೆದು, ಸರ್ವೇಯರರಂತೆ ಬರೆಯತೊಡಗಿದರು: ಬಿದಿರಿನ ಹರಿಗೋಲು ಒಂದು, ಹುಟ್ಟು ಎರಡು, ಬಲೆ ಮೂರು, ಕೌದಿ, ಪಾತ್ರೆಗಳು. ಗದಗಿಗೆ ಹೋಗಿ ಹಳೆಯ ಗೆಳೆಯರನ್ನು ಕೇಳಿ ನೋಡುತ್ತೇನೆಂದರು. ನಾಲ್ಕೂ ಸಂಸಾರದ ಹೆಸರು ಬರೆದುಕೊಂಡರು. ವಿಳಾಸದ ಮುಂದೆ ಪೆನ್ನು ನಿಂತಿತು. ಆತ ಹೊಳೆಯ ಕಡೆ ನೋಡಿದನು, ಇವರೂ ನೋಡಿದರು.

ಅಷ್ಟರಲ್ಲಿ ಬಲೆ ಎತ್ತುವ ಹೊತ್ತಾಯಿತು. ಹೆಂಗಸು ಕೂಸನ್ನು ಬೆನ್ನಿಗೆ ಕಟ್ಟಿಕೊಂಡಳು. ಇಬ್ಬರೂ ಎರಡು ಕಡೆ ಹಿಡಿದು ಮನೆಯನ್ನು ಮಗುಚಿ ನೀರಿಗಿಳಿಸಿದರು. ಮರಳಿನ ಮೇಲೆ ಒಂದು ದುಂಡು ಗುರುತು ಮತ್ತು ಒಲೆಯ ಮೂರು ಕಲ್ಲುಗಳು ಉಳಿದವು.