ಶಟರ್ ಯಾವಾಗ ತೆರೆಯುತ್ತೆ?

ನಮ್ಮ ವಯಸ್ಸಿನವರ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಈಗ ಎರಡೇ ವಿಷಯ. ಒಂದು, ಮಕ್ಕಳ ಸ್ಕೂಲ್ ಅಡ್ಮಿಷನ್. ಇನ್ನೊಂದು, ಅಪ್ಪ-ಅಮ್ಮ ಮುಂದೆ ಎಲ್ಲಿರಬೇಕು ಅನ್ನೋದು. ಮೊದಲನೆಯದಕ್ಕೆ ಹತ್ತು ಜನ ಹತ್ತು ಸಲಹೆ ಕೊಡ್ತಾರೆ. ಎರಡನೆಯದಕ್ಕೆ ಯಾರೋ ಒಬ್ಬರು ಒಂದು ಬ್ರೋಷರ್‌ನ ಪಿಡಿಎಫ್ ಹಾಕ್ತಾರೆ, ಉಳಿದವರು ಥಂಬ್ಸ್ ಅಪ್ ಒತ್ತಿ ಸುಮ್ಮನಾಗ್ತಾರೆ.

ನನಗೂ ಅಂಥದ್ದೊಂದು ಪಿಡಿಎಫ್ ಬಂತು. ಬೆಂಗಳೂರಿನ ಹೊರವಲಯದಲ್ಲಿ ನಿವೃತ್ತರಿಗಾಗಿಯೇ ಕಟ್ಟಿದ ಬಡಾವಣೆ. ಬಾತ್‌ರೂಮಿನಲ್ಲಿ ಹಿಡಿಕೆ, ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು, ರಾತ್ರಿಯಿಡೀ ನರ್ಸ್, ಬೇಕಾದವರಿಗೆ ಮೂರು ಹೊತ್ತು ಊಟ. ಇದೆಲ್ಲಕ್ಕಿಂತ ದೊಡ್ಡ ಚಿತ್ರ ಅದರ 'ಟೌನ್ ಸ್ಕ್ವೇರ್'ದು. ನಡುವೆ ಕಾರಂಜಿ, ಸುತ್ತ 14 ಅಂಗಡಿ: ಕಾಫಿ ಶಾಪ್, ಬೇಕರಿ, ಪುಸ್ತಕದಂಗಡಿ, ಹೂವಿನಂಗಡಿ, ಸಲೂನ್. ಬಿಳಿ ಕೂದಲಿನ ದಂಪತಿ ಐಸ್‌ಕ್ರೀಂ ತಿನ್ನುತ್ತಾ ನಗುತ್ತಿದ್ದರು. ಅಪ್ಪನಿಗೆ ಆ ಚಿತ್ರ ಬಹಳ ಹಿಡಿಸಿತು.

ಅಪ್ಪನಿಗೆ 69, ಅಮ್ಮನಿಗೆ 64. ತುಮಕೂರಿನ ಎಸ್.ಎಸ್. ಪುರಂನಲ್ಲಿ ಸ್ವಂತ ಮನೆ. ಅಪ್ಪನ ಮಂಡಿ ನೋವು ಜಾಸ್ತಿಯಾಗಿ ಮೆಟ್ಟಿಲು ಹತ್ತೋದು ಕಷ್ಟ ಆಗಿತ್ತು. ನಾನು ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಕೆಲಸ, ಎರಡು ಬೆಡ್‌ರೂಮಿನ ಬಾಡಿಗೆ ಮನೆ. ತುಮಕೂರಿನ ಮನೆ ಮಾರಿ ಇಲ್ಲಿ ಫ್ಲ್ಯಾಟ್ ತಗೊಳ್ಳೋಣ ಅನ್ನೋದು ಅಪ್ಪನ ಯೋಚನೆ. ಅಂದರೆ ಮೂವತ್ತು ವರ್ಷದ ಸಂಬಳದಲ್ಲಿ ಕಟ್ಟಿದ್ದನ್ನು ಒಂದೇ ಸಹಿಯಲ್ಲಿ ಬದಲಾಯಿಸೋದು.

ಒಂದು ಶನಿವಾರ ಮೂವರೂ ನೋಡೋಕೆ ಹೋದೆವು. ಮನೆಗಳು ನಿಜಕ್ಕೂ ಚೆನ್ನಾಗಿದ್ದವು. ಚೌಕವೂ ಇತ್ತು, ಕಾರಂಜಿಯೂ ಇತ್ತು. ಆದರೆ 14 ಶಟರ್‌ಗಳಲ್ಲಿ ತೆರೆದಿದ್ದು ಮೂರು: ಒಂದು ಸಣ್ಣ ಸೂಪರ್ ಮಾರ್ಕೆಟ್, ಒಂದು ಮೆಡಿಕಲ್ ಸ್ಟೋರ್, ಒಂದು ಇಸ್ತ್ರಿ ಅಂಗಡಿ. ಜನ ವಾಸಕ್ಕೆ ಬಂದು ಆಗಲೇ ಎರಡು ವರ್ಷ ಕಳೆದಿತ್ತು.

"ಮೇಡಂ, ಒಂದೊಂದಾಗಿ ಬರ್ತಾವೆ. ಮೂರನೇ ಫೇಸ್ ಮುಗಿಯಲಿ, ಪೂರ್ತಿ ತುಂಬಿಬಿಡುತ್ತೆ" ಅಂದ ಸೇಲ್ಸ್ ಹುಡುಗ.

"ಮೂರನೇ ಫೇಸ್ ಯಾವಾಗಪ್ಪಾ ಮುಗಿಯೋದು?" ಅಂತ ಅಮ್ಮ ಕೇಳಿದರು.

"ಐದು ವರ್ಷ ಅಂದ್ಕೊಳ್ಳಿ ಆಂಟಿ."

ಅಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ, "ಅಲ್ಲ ಕಣೇ, ಅಲ್ಲೀವರೆಗೂ ಹೂವು ಎಲ್ಲಿ ತರೋದು?" ಅಂದರು.

ಅದು ಹೂವಿನ ಪ್ರಶ್ನೆ ಮಾತ್ರ ಅಲ್ಲ. ತುಮಕೂರಿನಲ್ಲಿ ಅಮ್ಮ ದಿನಕ್ಕೆ ಎರಡು ಸಲ ಮನೆಯಿಂದ ಹೊರಗೆ ಹೋಗ್ತಾರೆ. ಒಂದು ಮೊಳ ಮಲ್ಲಿಗೆಗೆ ಹೋದವರು ಅರ್ಧ ಗಂಟೆ ಬಿಟ್ಟು ಬರ್ತಾರೆ. ಹೂವಿನವಳ ಮಗಳ ಬಾಣಂತನ, ಪಕ್ಕದ ಬೀದಿಯವರ ಗೃಹಪ್ರವೇಶ, ಎಲ್ಲ ಸುದ್ದಿ ಅಲ್ಲೇ. ಅಪ್ಪನಿಗೆ ಪೇಪರ್ ಮನೆಗೇ ಬರುತ್ತೆ, ಆದರೂ ಟೀ ಅಂಗಡಿಗೆ ಹೋಗಿ ಇನ್ನೊಂದು ಪೇಪರ್ ಓದ್ತಾರೆ. ಕೊಳ್ಳೋದು ಒಂದು ನೆಪ. ನಮಗೆ ಅಂಗಡಿ ಅಂದರೆ ಸಾಮಾನು, ಆ್ಯಪ್‌ನಲ್ಲಿ ಒತ್ತಿದರೆ ಬರುತ್ತೆ. ಅವರಿಗೆ ಅಂಗಡಿ ಅಂದರೆ ಹೊರಗೆ ಕಾಲಿಡೋಕೆ ಒಂದು ಕಾರಣ.

ಮೂರು ವಾರ ಸಂಜೆ ಹೊತ್ತು ಬಿಡುವಾದಾಗೆಲ್ಲ ನಾನೊಬ್ಬಳೇ ಅಲ್ಲಿಗೆ ಹೋಗಿಬಂದೆ. ಅಂಗಡಿಗಳು ಯಾಕೆ ಬರ್ತಿಲ್ಲ ಅಂತ ತಿಳ್ಕೋಬೇಕಿತ್ತು. ಒಟ್ಟು 240 ಫ್ಲ್ಯಾಟ್, 210 ಮಾರಾಟ ಆಗಿದ್ದವು. ಆದರೆ ಸಂಜೆ ಏಳೂವರೆಗೆ ಕೆಳಗೆ ನಿಂತು ಎಣಿಸಿದರೆ ದೀಪ ಉರಿಯುತ್ತಿದ್ದ ಮನೆ 96. ಉಳಿದವರಲ್ಲಿ ಕೆಲವರು ವಿದೇಶದಲ್ಲಿರೋ ಮಕ್ಕಳು ಮುಂದಕ್ಕೆ ಅಂತ ಕೊಡಿಸಿಟ್ಟವರು, ಕೆಲವರು ಹಬ್ಬಕ್ಕೆ ಬಂದು ಹೋಗೋರು.

ಸೂಪರ್ ಮಾರ್ಕೆಟ್ ಅಣ್ಣನ ಹತ್ತಿರ ಕೂತು ಲೆಕ್ಕ ಹಾಕಿದೆ. ಒಂದೊಂದು ಮನೆ ತಿಂಗಳಿಗೆ ₹3,000 ವ್ಯಾಪಾರ ಕೊಟ್ಟರೆ ಒಟ್ಟು ₹2,88,000. ನೂರಕ್ಕೆ 12 ಉಳಿದರೆ ಸುಮಾರು ₹34,500. ಬಾಡಿಗೆ ₹28,000, ಒಬ್ಬ ಹುಡುಗನ ಸಂಬಳ ₹15,000, ಕರೆಂಟು ₹4,000. ಅಂದರೆ ಪ್ರತಿ ತಿಂಗಳು ₹12,500 ಕೈಯಿಂದ ಹೋಗುತ್ತೆ. ಕನಿಷ್ಠ 131 ಮನೆಗಳಲ್ಲಿ ದೀಪ ಉರಿದರೆ ನಷ್ಟ ನಿಲ್ಲುತ್ತೆ. ಆಗಲೂ ಅವರ ಕೈಗೆ ಹೆಚ್ಚೇನೂ ಉಳಿಯಲ್ಲ. ಅದರ ಮೇಲೆ, ಇಲ್ಲಿ ಮನೆಗಿಬ್ಬರೇ ಜನ, ಹಲವರಿಗೆ ಊಟ ಡೈನಿಂಗ್ ಹಾಲ್‌ನಲ್ಲಿ. ಮಕ್ಕಳಿಲ್ಲ, ಹಾಗಾಗಿ ಬಿಸ್ಕತ್ತು, ನೋಟ್‌ಬುಕ್ಕು, ಚಾಕೊಲೇಟ್ ಇಲ್ಲ. ಸಾಲದ್ದಕ್ಕೆ ನನ್ನಂಥ ಮಕ್ಕಳು ದೂರದಲ್ಲಿ ಕೂತು ಆನ್‌ಲೈನ್‌ನಲ್ಲಿ ತಿಂಗಳ ದಿನಸಿ ಕಳಿಸಿಬಿಡ್ತೀವಿ.

ಮುಚ್ಚಿದ ಶಟರ್‌ಗಳ ಕಥೆ ಬೇರೆ. 14ರಲ್ಲಿ ಒಂಬತ್ತು ಅಂಗಡಿಗಳನ್ನು ಬಿಲ್ಡರ್ ಬೇರೆಬೇರೆ ಹೂಡಿಕೆದಾರರಿಗೆ ಮಾರಿಯಾಗಿತ್ತು. ಕೊಟ್ಟ ದುಡ್ಡಿಗೆ ತಕ್ಕ ಬಾಡಿಗೆ ಬರೋವರೆಗೂ ಅವರು ಬೀಗ ತೆಗೆಯಲ್ಲ. ಕಡಿಮೆಗೆ ಕೊಟ್ಟರೆ ಅಂಗಡಿಯ ಬೆಲೆಯೇ ಇಳಿಯುತ್ತೆ ಅನ್ನೋ ಭಯ. ಅಂಗಡಿ ಇಲ್ಲ ಅಂತ ಜನ ಬರಲ್ಲ, ಜನ ಇಲ್ಲ ಅಂತ ಅಂಗಡಿ ಬರಲ್ಲ.

ನಮ್ಮ ಫೀಲ್ಡ್‌ನಲ್ಲಿ ಇದಕ್ಕೆ 'ಕೋಲ್ಡ್ ಸ್ಟಾರ್ಟ್' ಅಂತೀವಿ. ಹೊಸ ಕ್ಯಾಬ್ ಆ್ಯಪ್ ಶುರು ಮಾಡಿದ ದಿನ ಡ್ರೈವರೂ ಇರಲ್ಲ, ಪ್ರಯಾಣಿಕರೂ ಇರಲ್ಲ. ಅದಕ್ಕೇ ಕಂಪನಿಗಳು ಮೊದಮೊದಲು ಡ್ರೈವರ್‌ಗೆ ಇನ್ಸೆಂಟಿವ್, ನಮಗೆ ಕೂಪನ್ ಕೊಟ್ಟು ಎರಡೂ ಕಡೆಯವರನ್ನು ಕರೆತರುತ್ತವೆ. ಯಾರಾದರೂ ಒಬ್ಬರು ಆರಂಭದ ನಷ್ಟ ಹೊರಲೇಬೇಕು. ಈ ಚೌಕದಲ್ಲಿ ಅದನ್ನು ಹೊರುತ್ತಿದ್ದವರು ಸೂಪರ್ ಮಾರ್ಕೆಟ್ ಅಣ್ಣ ಮತ್ತು ಅಲ್ಲಿರೋ ವಯಸ್ಸಾದವರು.

ಇದೇ ಪ್ರಶ್ನೆಗೆ ಬೇರೆ ಉತ್ತರ ಇರೋ ಜಾಗವನ್ನು ನಾನು ಮೊದಲೇ ನೋಡಿದ್ದೆ. 2022ರಲ್ಲಿ ಆಫೀಸ್ ಕೆಲಸದ ಮೇಲೆ ಕೆಲವು ತಿಂಗಳು ಫ್ಲೋರಿಡಾದ ಒರ್ಲಾಂಡೋದಲ್ಲಿದ್ದೆ. ಅಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದಲ್ಲಿ 'ದಿ ವಿಲೇಜಸ್' ಅನ್ನೋ ಊರಿದೆ. ಹೆಚ್ಚಿನ ಮನೆಗಳಲ್ಲಿ ಒಬ್ಬರಾದರೂ 55 ದಾಟಿದವರಿರಬೇಕು ಅನ್ನೋದು ಅಲ್ಲಿನ ನಿಯಮ. 2010ರಿಂದ 2020ರ ನಡುವೆ ಅಮೆರಿಕದಲ್ಲೇ ಅತಿ ವೇಗವಾಗಿ ಬೆಳೆದ ಮಹಾನಗರ ಪ್ರದೇಶ ಅದು, ಜನಸಂಖ್ಯೆ 39% ಏರಿ ಸುಮಾರು 1.3 ಲಕ್ಷ ಆಯಿತು. ಒಂದು ಸಂಜೆ ಅದರ ಲೇಕ್ ಸಮ್ಟರ್ ಲ್ಯಾಂಡಿಂಗ್ ಚೌಕದಲ್ಲಿ ನಿಂತಿದ್ದೆ. ಸಾಲುಸಾಲು ಗಾಲ್ಫ್ ಕಾರ್ಟ್, ಬ್ಯಾಂಡ್ ಸಂಗೀತ, ಎಪ್ಪತ್ತು ದಾಟಿದವರೆಲ್ಲ ಸಾಲಾಗಿ ಡ್ಯಾನ್ಸ್. ಟಿಕೆಟ್ ಇಲ್ಲ, ಎಲ್ಲ ಉಚಿತ.

ಆದರೆ ಅದೂ ರಾತ್ರೋರಾತ್ರಿ ಆಗಿದ್ದಲ್ಲ. ಹೆರಾಲ್ಡ್ ಶ್ವಾರ್ಟ್ಜ್ ಅನ್ನೋ ಉದ್ಯಮಿ 1970ರ ದಶಕದಲ್ಲಿ ಅಲ್ಲಿ ಶುರು ಮಾಡಿದ್ದು ಮೊಬೈಲ್ ಹೋಮ್‌ಗಳ ಒಂದು ಸಾಧಾರಣ ಪಾರ್ಕ್. 1980ರ ದಶಕದ ಆರಂಭದವರೆಗೂ ಮಾರಾಟ ಆಗಿದ್ದು 400ರ ಆಸುಪಾಸು. 1983ರಲ್ಲಿ ಮಗ ಗ್ಯಾರಿ ಮೋರ್ಸ್ ಬಂದ ಮೇಲೆ ದಿಕ್ಕು ಬದಲಾಯಿತು. ಆದರೂ ಮೊದಲ ಚೌಕ ಸ್ಪ್ಯಾನಿಷ್ ಸ್ಪ್ರಿಂಗ್ಸ್ ಬಂದಿದ್ದು 1990ರ ದಶಕದಲ್ಲಿ. ಎರಡನೆಯದು 2004ರಲ್ಲಿ, ಮೂರನೆಯದಾದ ಬ್ರೌನ್‌ವುಡ್ 2012ರಲ್ಲಿ. ಮೂರು ಚೌಕಕ್ಕೆ ಹೆಚ್ಚುಕಮ್ಮಿ ಎರಡು ದಶಕ. ಅಲ್ಲಿನ ಡೆವಲಪರ್ ಕುಟುಂಬ ಚೌಕದ ಸುತ್ತಲಿನ ವ್ಯಾಪಾರದ ಕಟ್ಟಡಗಳಲ್ಲಿ ಬಹುಪಾಲನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿತು. ಚೌಕದಲ್ಲಿ ಜನ ಕಂಡರೆ ಹೊಸ ಮನೆ ಮಾರಾಟ ಆಗುತ್ತೆ, ಹಾಗಾಗಿ ಅದನ್ನು ಜೀವಂತವಾಗಿಡೋದು ಅವರದೇ ಲಾಭ.

ಅದಕ್ಕೂ ಹಿಂದೆ ಅರಿಜೋನಾದಲ್ಲಿ ಡೆಲ್ ವೆಬ್ ಅನ್ನೋ ಬಿಲ್ಡರ್ ಇನ್ನೂ ನೇರವಾದ ದಾರಿ ಹಿಡಿದಿದ್ದ. 1960ರ ಜನವರಿ 1ರಂದು ಸನ್ ಸಿಟಿ ತೆರೆದಾಗ ನೋಡೋಕಿದ್ದದ್ದು ಕೆಲವೇ ಮಾದರಿ ಮನೆಗಳು. ಆದರೆ ಶಾಪಿಂಗ್ ಸೆಂಟರ್, ಗಾಲ್ಫ್ ಕೋರ್ಸ್, ಮನರಂಜನಾ ಕೇಂದ್ರ ಆಗಲೇ ಸಿದ್ಧವಾಗಿದ್ದವು. ಆರಂಭದ ವಾರಾಂತ್ಯದಲ್ಲೇ ಸುಮಾರು 1 ಲಕ್ಷ ಜನ ನೋಡೋಕೆ ಬಂದರು. ಮನೆ ಆಮೇಲೆ, ಊರು ಮೊದಲು ಅನ್ನೋ ಲೆಕ್ಕ.

ನಮ್ಮ ಕಡೆ ಉಲ್ಟಾ. ಮನೆ ಮೊದಲು, ಊರು ಚಿತ್ರದಲ್ಲಿ. ಇದನ್ನು ಅಪ್ಪನಿಗೆ ಹೇಳಿದಾಗ, "ಬಿಡು, ಎಲ್ಲಾ ಊರೂ ನಿಧಾನಕ್ಕೇ ಬೆಳೆಯೋದು. ನಾವು ಎಸ್.ಎಸ್. ಪುರಂಗೆ ಬಂದಾಗ ಅಲ್ಲೇನಿತ್ತು?" ಅಂದರು.

"ಆಗ ನಿಮಗೆ ಮೂವತ್ತೆಂಟು ಕಣ್ರೀ" ಅಂದರು ಅಮ್ಮ.

ಅಲ್ಲಿಗೆ ಮಾತು ನಿಂತಿತು. ಇಡೀ ವಿಷಯದ ತಿರುಳು ಅದೇ. ಬಿಲ್ಡರ್‌ಗೆ ಐದು ವರ್ಷ ಅಂದರೆ ಒಂದು ಫೇಸ್. ನನಗೆ ಐದು ವರ್ಷ ಅಂದರೆ ಎರಡು ಕಂಪನಿ ಬದಲಾವಣೆ. ಅಪ್ಪನಿಗೆ ಐದು ವರ್ಷ ಅಂದರೆ, ಕೋಲಿಲ್ಲದೆ ಚೌಕದವರೆಗೆ ನಡೆದು ಹೋಗಬಹುದಾದ ವರ್ಷಗಳು. ಎಲ್ಲ 14 ಶಟರ್ ತೆರೆಯೋ ಹೊತ್ತಿಗೆ ಅವರಿಗೆ ಎಪ್ಪತ್ನಾಲ್ಕು. ಕಾಯೋಕೆ ವಯಸ್ಸಿರೋರು ಕಾಯಬಹುದು. ನಿವೃತ್ತರಿಗೆ ಕಟ್ಟಿದ ಊರಿಗೆ ಆ ಸವಲತ್ತಿಲ್ಲ.

ಮನೆ ಮಾರಲಿಲ್ಲ. ಅಲ್ಲೇ ನೆಲಮಹಡಿಯ ಫ್ಲ್ಯಾಟ್ ಒಂದನ್ನು ಹನ್ನೊಂದು ತಿಂಗಳಿಗೆ ಬಾಡಿಗೆಗೆ ಹಿಡಿದೆವು. ತುಮಕೂರಿನ ಮನೆಗೆ ಬೀಗ, ತಿಂಗಳಿಗೊಮ್ಮೆ ಹೋಗಿ ಗುಡಿಸಿ ಬರೋದು.

ಮೊದಲ ಎರಡು ತಿಂಗಳು ಅಮ್ಮ ಫೋನಿನಲ್ಲಿ ಹೆಚ್ಚು ಮಾತಾಡ್ತಿರಲಿಲ್ಲ. "ಎಲ್ಲಾ ಚೆನ್ನಾಗಿದೆ ಕಣೇ" ಅಂತ ಇಟ್ಟುಬಿಡೋರು. ಆಮೇಲೆ ಪಕ್ಕದ ಹಳ್ಳಿಯ ಒಬ್ಬ ಹೆಂಗಸು ಬುಟ್ಟಿಯಲ್ಲಿ ಸೊಪ್ಪು, ಹೂವು ಹೊತ್ತು ಗೇಟಿನ ಹತ್ತಿರ ಬಂದಳು. ಸೆಕ್ಯುರಿಟಿಯವರು ಒಳಗೆ ಬಿಡಲಿಲ್ಲ. ಅಮ್ಮ ಮತ್ತು ಇನ್ನು ಐದಾರು ಜನ ಗೇಟಿನಾಚೆಯೇ ನಿಂತು ಕೊಂಡರು. ಮರುವಾರ ಇಪ್ಪತ್ತು ಜನ. ಆಮೇಲೆ ನಿವಾಸಿಗಳ ಸಂಘದ ಸಭೆಯಲ್ಲಿ ಜೋರು ಚರ್ಚೆ. ಚೌಕದಲ್ಲಿ ತಳ್ಳುಗಾಡಿ ನಿಂತರೆ ಅಂದ ಕೆಡುತ್ತೆ ಅಂದರು ಮ್ಯಾನೇಜ್‌ಮೆಂಟಿನವರು. ನಿವೃತ್ತ ಹೆಡ್ಮಾಸ್ಟರ್ ಒಬ್ಬರು ಎದ್ದು, "ಖಾಲಿ ಶಟರ್ ನೋಡೋಕೆ ಬಹಳ ಅಂದವಾಗಿದೆಯೇನ್ರೀ?" ಅಂತ ಕೇಳಿದರಂತೆ.

ಈಗ ಬುಧವಾರ, ಭಾನುವಾರ ಸಂಜೆ ನಾಲ್ಕರಿಂದ ಏಳರವರೆಗೆ ಚೌಕದಲ್ಲಿ ಸಣ್ಣ ಸಂತೆ. ಏಳೆಂಟು ಜನ ಮಾರೋರು ಬರ್ತಾರೆ, ನೆಲಬಾಡಿಗೆ ಇಲ್ಲ. ಸುತ್ತಲಿನ ಹಳ್ಳಿಯವರೂ ಕೊಳ್ಳೋಕೆ ಬರ್ತಾರೆ. ಬಿಲ್ಡರ್ ಕೈಯಲ್ಲಿ ಉಳಿದಿದ್ದ ಎರಡು ಅಂಗಡಿಗಳಲ್ಲಿ ಒಂದನ್ನು ನಿಗದಿ ಬಾಡಿಗೆ ಬದಲು ವ್ಯಾಪಾರದಲ್ಲಿ ಪಾಲು ಅನ್ನೋ ಲೆಕ್ಕಕ್ಕೆ ಕೊಟ್ಟರು, ಅಲ್ಲಿ ಕಾಫಿ-ತಿಂಡಿ ಶುರುವಾಗಿದೆ. ಕ್ಷೌರದವರು ವಾರಕ್ಕೆ ಎರಡು ದಿನ ಬರ್ತಾರೆ. ಹೂಡಿಕೆದಾರರ ಒಂಬತ್ತು ಶಟರ್‌ಗಳು ಮಾತ್ರ ಇನ್ನೂ ಹಾಗೇ ಇವೆ.

ನಿಮ್ಮ ಫೋನಿಗೂ ಇಂಥ ಪಿಡಿಎಫ್ ಬಂದರೆ, ಕೆಲವು ಮಾತು. ವಾರದ ನಡುವಿನ ಒಂದು ದಿನ, ಸಂಜೆ ಹೊತ್ತು, ಸೇಲ್ಸ್‌ನವರಿಗೆ ಹೇಳದೆ ಹೋಗಿ. ತೆರೆದ ಶಟರ್ ಎಣಿಸಿ, ದೀಪ ಉರಿಯೋ ಮನೆ ಎಣಿಸಿ. ಅಂಗಡಿಗಳು ಬಿಲ್ಡರ್ ಹತ್ತಿರ ಇವೆಯೋ, ಬಿಡಿಬಿಡಿಯಾಗಿ ಮಾರಿದ್ದಾರೋ ಕೇಳಿ. ಕರ್ನಾಟಕ ರೇರಾ ಜಾಲತಾಣದಲ್ಲಿ ಆ ಪ್ರಾಜೆಕ್ಟ್ ಹುಡುಕಿ, ಮಂಜೂರಾದ ನಕ್ಷೆಯಲ್ಲಿ ಚೌಕ ಇದೆಯಾ ನೋಡಿ. ಜಾಹೀರಾತಿನ ಸುಳ್ಳನ್ನು ನಂಬಿ ದುಡ್ಡು ಕೊಟ್ಟು ನಷ್ಟ ಅನುಭವಿಸಿದವರಿಗೆ ಪರಿಹಾರ ಕೇಳುವ ಹಕ್ಕನ್ನು 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಕೊಡುತ್ತೆ, ಹಾಗಾಗಿ ಬ್ರೋಷರ್ ಅಳಿಸಬೇಡಿ. ಆದರೆ ಕಾನೂನಿನಿಂದ ಕಟ್ಟಡ ಕಟ್ಟಿಸಬಹುದು, ಅದರೊಳಗೆ ಒಬ್ಬ ಹೂವಿನವಳನ್ನು ಕೂರಿಸೋಕೆ ಆಗಲ್ಲ. ಸಾಧ್ಯವಾದರೆ ಮೊದಲು ಬಾಡಿಗೆಗೆ ಇದ್ದು ನೋಡಲಿ.

ಮುಂದಿನ ತಿಂಗಳು ನಮ್ಮ ಅಗ್ರಿಮೆಂಟ್ ಮುಗಿಯುತ್ತೆ. ಅಪ್ಪನಿಗೆ ಈಗಲೂ ಕೊಂಡುಬಿಡೋಣ ಅಂತಲೇ ಇದೆ. ಅಮ್ಮ ಇನ್ನೊಂದು ಹನ್ನೊಂದು ತಿಂಗಳು ಬಾಡಿಗೆಗೇ ಇರೋಣ ಅಂತಾರೆ. ಮೊನ್ನೆ ಬುಧವಾರ ಸಂಜೆ ಆರಕ್ಕೆ ಫೋನ್ ಮಾಡಿದೆ. ಎತ್ತಲಿಲ್ಲ. ಏಳೂಕಾಲಿಗೆ ಅವರೇ ಮಾಡಿದರು: "ಸಂತೇಲಿದ್ದೆ ಕಣೇ, ಗಲಾಟೆಯಲ್ಲಿ ಕೇಳಿಸಲಿಲ್ಲ."