ಅಳುಕಿನ ಸುಖ

ಇಂಗ್ಲಿಷಿನಲ್ಲಿ ‘ಗಿಲ್ಟಿ ಪ್ಲೆಷರ್’ ಎಂಬ ಮಾತೊಂದು ಬಳಕೆಯಲ್ಲಿದೆ. ಸುಖವೂ ಹೌದು, ಅದನ್ನು ಸವಿಯುವಾಗ ಒಳಗೊಳಗೇ ಕುಟುಕುವ ತಪ್ಪಿತಸ್ಥ ಭಾವವೂ ಹೌದು ಎಂಬುದು ಅದರ ತಾತ್ಪರ್ಯ. ಹಿಂದೆ ದುರಾಚಾರದ ಸುಖಗಳಿಗೂ ಸಲ್ಲುತ್ತಿದ್ದ ಈ ಮಾತು 20ನೇ ಶತಮಾನದ ಕೊನೆಯ ಹೊತ್ತಿಗೆ ಹಗುರವಾಗಿ, ಅಗ್ಗದ ಕಾದಂಬರಿ, ಅಬ್ಬರದ ಚಲನಚಿತ್ರ, ಹೊತ್ತಲ್ಲದ ಹೊತ್ತಿನ ಸಿಹಿತಿಂಡಿಗಳಿಗೆಲ್ಲ ಅಂಟಿಕೊಂಡಿತು. ಕನ್ನಡದಲ್ಲಿ ಇದಕ್ಕೆ ನೇರವಾದ ಪದವಿಲ್ಲ. ‘ಪಾಪಸುಖ’ ಎಂದರೆ ಭಾರವಾದೀತು. ‘ಅಳುಕಿನ ಸುಖ’ ಎನ್ನಬಹುದೇನೋ.

ಧಾರವಾಡ ಸೀಮೆಯ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಮನೆಯಲ್ಲಿ ಎರಡು ಗ್ರಂಥಭಂಡಾರಗಳಿದ್ದವು. ಪಡಸಾಲೆಯ ಕಪಾಟಿನಲ್ಲಿ ಪಂಪ, ಕುಮಾರವ್ಯಾಸ, ಶೂನ್ಯಸಂಪಾದನೆ. ಮಂಚದ ಕೆಳಗಿನ ಟ್ರಂಕಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಮನೆಮಂದಿ ಮಲಗಿದ ಮೇಲೆ, ರಕ್ಷಾಪುಟ ಕಾಣದಂತೆ ಹಳೆಯ ವೃತ್ತಪತ್ರಿಕೆಯ ಹೊದಿಕೆ ಹಾಕಿ, ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತುವುದು ಅವರ ಅಳುಕಿನ ಸುಖವಾಗಿತ್ತು.

ಈ ಅಳುಕು ಯಾರ ಭಯದಿಂದ ಬಂದದ್ದು? ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಅಸಂಖ್ಯ ಕನ್ನಡಿಗರಿಗೆ ಓದುವ ರುಚಿ ಹತ್ತಿಸಿ 2011ರಲ್ಲಿ ತೀರಿಕೊಂಡರು. ಆ ಪುಸ್ತಕಗಳಲ್ಲಿ ಕಳ್ಳನು ಸಿಕ್ಕಿಬೀಳುತ್ತಾನೆಯೇ ಹೊರತು ಓದುಗನ ಶೀಲಕ್ಕೆ ಕುಂದು ಬರುವುದಿಲ್ಲ. ಅಧ್ಯಾಪಕರು ಹೆದರಿದ್ದು ಪಾಪಕ್ಕಲ್ಲ, ಜನರ ಬಾಯಿಗೆ. ಪಂಪನನ್ನು ಪಾಠ ಹೇಳಿದವರು ಇಂಥದ್ದನ್ನು ಓದುವರೇ ಎಂದು ಯಾರಾದರೂ ನಕ್ಕಾರೆಂಬ ಸಂಕೋಚ ಅದು. ಇಂಗ್ಲಿಷಿನ ಆ ಮಾತು ನಾಚಿಕೆಯನ್ನೂ ತಪ್ಪನ್ನೂ ಒಂದೇ ಚೀಲದಲ್ಲಿ ತುಂಬಿಬಿಡುತ್ತದೆ. ನಾಚಿಕೆಗೆ ನೋಡುವವರು ಬೇಕು, ತಪ್ಪಿಗೆ ನೊಂದವರಿರುತ್ತಾರೆ.

ನೊಂದವನೊಬ್ಬನಿದ್ದನು. ವರ್ಷಗಳ ಹಿಂದೆ ತರಗತಿಯ ಹಿಂದಿನ ಸಾಲಿನಲ್ಲಿ ಇಂಥದೇ ಕಾದಂಬರಿಯನ್ನು ಬೆಂಚಿನ ಕೆಳಗಿಟ್ಟುಕೊಂಡು ಓದುತ್ತಿದ್ದ ಹುಡುಗನನ್ನು ಅಧ್ಯಾಪಕರು ಎಬ್ಬಿಸಿ ನಿಲ್ಲಿಸಿದರು. ಎಲ್ಲರೆದುರು ಪುಸ್ತಕವನ್ನು ಹರಿದು ಕಿಟಕಿಯಾಚೆ ಎಸೆದರು. ಅದು ಬಾಡಿಗೆಗೆ ತಂದ ಪುಸ್ತಕ. ಹುಡುಗನು ದುಡ್ಡು ಕಟ್ಟಿಕೊಡಬೇಕಾಯಿತು. ಅಂದು ರಾತ್ರಿಯೂ ಟ್ರಂಕು ತೆರೆಯಿತು. ಆಶ್ಚರ್ಯವೆಂದರೆ, ಓದಿನ ಬಗ್ಗೆ ಬಹುಕಾಲ ಅಳುಕಿದ ಆ ಹಿರಿಯರಿಗೆ ಹರಿದುದರ ಬಗ್ಗೆ ಅಳುಕು ಹುಟ್ಟಿದ್ದು ನಿವೃತ್ತಿಯ ನಂತರವೇ.

ಶರಣರು ಸುಖವನ್ನು ಅಲ್ಲಗಳೆದವರಲ್ಲ. ರುಚಿ, ರೂಪ, ಗಂಧಗಳು ಲಿಂಗಕ್ಕೆ ಅರ್ಪಿತವಾದ ಬಳಿಕ ಪದಾರ್ಥವಾಗಿ ಉಳಿಯದೆ ಪ್ರಸಾದವಾಗುತ್ತವೆ ಎಂಬುದು ಅವರ ನಿಲುವು. ಅಷ್ಟಾವರಣದಲ್ಲಿ ಪ್ರಸಾದಕ್ಕೆ ಸ್ಥಾನವಿದೆ. ಷಟ್‌ಸ್ಥಲದಲ್ಲಿ ಮೂರನೆಯದೇ ಪ್ರಸಾದಿಸ್ಥಲ. ಅಲ್ಲಮಪ್ರಭುಗಳಂತೂ ಮಾಯೆಯನ್ನು ಹೊರಗಿನ ವಸ್ತುಗಳಲ್ಲಿ ಹುಡುಕದೆ ಮನಸ್ಸಿನ ಬಯಕೆಯಲ್ಲಿಯೇ ಗುರುತಿಸಿದರು. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವನಿಗೆ ‘ಮರೆ’ ಎಂಬುದೇ ಇಲ್ಲ. ಮಡದಿ ಮಕ್ಕಳ ಕಣ್ಣು ತಪ್ಪಿಸಿದ ಕೋಣೆಯಲ್ಲೂ ಸಾಕ್ಷಿಯು ಜೊತೆಗೇ ಬಂದಿರುತ್ತದೆ. ಆದ್ದರಿಂದ ಇಲ್ಲಿ ಎದ್ದೇಳುವ ಪ್ರಶ್ನೆ, ಜನರು ಏನೆಂದಾರು ಎಂಬುದಲ್ಲ. ಇದನ್ನು ಅಂಗೈಯ ಲಿಂಗಕ್ಕೆ ತೋರಿ, ಅರ್ಪಿಸಿ, ಸವಿಯಬಹುದೇ ಎಂಬುದು. ಪುರುಷೋತ್ತಮನ ಸಾಹಸವನ್ನು ತೋರಬಹುದು. ಹುಡುಗನ ಹರಿದ ಪುಸ್ತಕವನ್ನು ತೋರುವುದು ಹೇಗೆ?

ಅಧ್ಯಾಪಕರಿಗೆ ಇನ್ನೊಂದು ಗುಟ್ಟೂ ಇದೆ. ಸಕ್ಕರೆ ಕಾಯಿಲೆ ಹತ್ತು ವರ್ಷದ್ದು. ವೈದ್ಯರು ಬೇಡವೆಂದ ಪೇಢೆಯ ಪೊಟ್ಟಣವು ಧೋತರಗಳ ಮಡಿಕೆಯಲ್ಲಿ ಅಡಗಿರುತ್ತದೆ. ಕಾಲಿನ ಗಾಯ ಮಾಯದೆ ಮಗಳು ತಿಂಗಳುಗಟ್ಟಲೆ ಪಟ್ಟಿ ಕಟ್ಟಿದಳು. ಆದರೂ ಈ ಸಿಹಿಯ ಮಾತು ಬಂದಾಗ ಅವರು ನಕ್ಕುಬಿಡುತ್ತಾರೆ, ‘ಇದೊಂದು ಚಪಲ’ ಎನ್ನುತ್ತಾರೆ. ಅಳುಕಬೇಕಾದಲ್ಲಿ ನಗು, ನಗಬಹುದಾದಲ್ಲಿ ಅಳುಕು! ಮನುಷ್ಯನ ಮನಸ್ಸು ಬಹುಮಟ್ಟಿಗೆ ಹೀಗೆಯೇ ತಕ್ಕಡಿ ಹಿಡಿಯುತ್ತದೆ.

ಕಳೆದ ಶ್ರಾವಣದಲ್ಲಿ ಕಾದಂಬರಿಗಳು ಟ್ರಂಕಿನಿಂದ ಪಡಸಾಲೆಯ ಕಪಾಟಿಗೆ ಬಂದವು, ವೃತ್ತಪತ್ರಿಕೆಯ ಹೊದಿಕೆ ಕಳಚಿ. ಮೊಮ್ಮಗಳು ಒಂದನ್ನು ಒಯ್ದವಳು ಇನ್ನೂ ಮರಳಿಸಿಲ್ಲ. ಅಜ್ಜನಿಗೆ ಅದರ ಕೊನೆಯ ಅಧ್ಯಾಯವನ್ನು ಮತ್ತೆ ಓದುವ ಆತುರ. ಆ ಹುಡುಗನು ಈಗ ಎಲ್ಲಿರುವನೆಂದು ಹಳೆಯ ವಿದ್ಯಾರ್ಥಿಗಳನ್ನು ಅವರು ವಿಚಾರಿಸುತ್ತಿದ್ದಾರೆ. ಪೇಢೆಯ ಪೊಟ್ಟಣ ಮಾತ್ರ ಧೋತರಗಳ ನಡುವೆಯೇ ಇದೆ.