ನೀಲಿ ಹೇಳಿದ ಲೆಕ್ಕ

ನಮ್ಮ ಮನೆಯಲ್ಲಿ ವಿಜ್ಞಾನ ಆಪಾಳ ಪಾಲು, ಲೆಕ್ಕ ನನ್ನ ಪಾಲು. ಆಪಾ ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಾಳೆ. ನಾನು ವಾಣಿಜ್ಯ ವಿಭಾಗದವಳು. ಬೈಲಹೊಂಗಲದ ಹತ್ತಿರವಿರುವ ನಮ್ಮ ನಾಲ್ಕು ಎಕರೆ ಎರಿ ಹೊಲದ ಖರ್ಚಿನ ವಹಿ ಬರೆಯುವವಳು ನಾನೇ. ಗೋವಿನಜೋಳಕ್ಕೆಂದು ಅಬ್ಬಾ ಪ್ರತಿ ವರ್ಷ ನಾಲ್ಕು ಚೀಲ ಡಿಎಪಿ ಉದ್ರಿ ತರುತ್ತಿದ್ದರು. ಆ ಸಾಲ ಸುಗ್ಗಿಯವರೆಗೂ ವಹಿಯಲ್ಲಿ ಉಳಿಯುತ್ತಿತ್ತು.

ಈ ಬೇಸಿಗೆಯಲ್ಲಿ ಆಪಾ ಹೊಲದ ಮಣ್ಣನ್ನು ಪರೀಕ್ಷೆಗೆ ಕೊಡಿಸಿದಳು. ಬಂದ ಚೀಟಿ ಕನ್ನಡದಲ್ಲಿತ್ತು. ಅಬ್ಬಾ ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನಾನು ಓದಿದೆ: ‘ರಂಜಕ: ಹೆಚ್ಚು’. ಶಿಫಾರಸಿನಂತೆ ಲೆಕ್ಕ ಹಾಕಿದರೆ ಎರಡು ಚೀಲ ಸಾಕಿತ್ತು.

“ಮಣ್ಣಿನ ಒಳಗಿರೋದು ಅವರಿಗೆ ಹ್ಯಾಂಗ ಕಾಣಸ್ತು?” ಎಂದರು ಅಬ್ಬಾ. ಇಳುವರಿ ಬಿದ್ದರೆ ಯಾರು ತುಂಬಿಕೊಡುತ್ತಾರೆ ಎಂಬುದು ಅವರ ಭಯ.

ಆಪಾ ಬಿಡಿಸಿ ಹೇಳಿದಳು. ಮಣ್ಣಿನ ರಂಜಕವನ್ನು ದ್ರಾವಣಕ್ಕೆ ಇಳಿಸಿ, ಆಮ್ಲ ಮತ್ತು ಅಮೋನಿಯಂ ಮಾಲಿಬ್ಡೇಟ್ ಹಾಕುತ್ತಾರೆ. ಒಂದು ರಂಜಕ ಪರಮಾಣುವಿನ ಸುತ್ತ 12 ಮಾಲಿಬ್ಡಿನಂ ಪರಮಾಣುಗಳು ಆಮ್ಲಜನಕದ ಕೊಂಡಿ ಹಿಡಿದು ಗೂಡು ಕಟ್ಟುತ್ತವೆ. ವಿಟಮಿನ್ ಸಿ ಆ ಗೂಡಿಗೆ ಎಲೆಕ್ಟ್ರಾನ್ ಕೊಟ್ಟರೆ ಅದು ನೀಲಿಯಾಗುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ.

ರಂಜಕವಿಲ್ಲದೆಯೂ ಮಾಲಿಬ್ಡೇಟ್ ನೀಲಿಯಾಗುತ್ತದಂತೆ. 18ನೇ ಶತಮಾನದಲ್ಲೇ ಶೀಲೆ ಎಂಬ ವಿಜ್ಞಾನಿ ಅದನ್ನು ಕಂಡಿದ್ದ. ಆದರೆ ಅದು ನೀರಿನಲ್ಲಿ ಬಹಳ ಕರಗುವುದರಿಂದ ಒಳ್ಳೆಯ ಹರಳು ಸಿಗದೆ, ಅದರ ರಚನೆ ಗುಟ್ಟಾಗಿಯೇ ಉಳಿಯಿತು. 1995ರಲ್ಲಿ ಜರ್ಮನಿಯ ಅಕಿಮ್ ಮ್ಯೂಲರ್ ತಂಡ ಅದನ್ನು ಬಿಡಿಸಿತು: 154 ಮಾಲಿಬ್ಡಿನಂ ಪರಮಾಣುಗಳ ಒಂದು ಚಕ್ರ! 2002ರಲ್ಲಿ ಅದೇ ತಂಡ 368 ಪರಮಾಣುಗಳ, ನಿಂಬೆಹಣ್ಣಿನ ಆಕಾರದ ಗುಚ್ಛವನ್ನೂ ಪಡೆಯಿತು. ಇವನ್ನು ಯಾರೂ ಒಂದೊಂದಾಗಿ ಜೋಡಿಸುವುದಿಲ್ಲ. ಆಮ್ಲದ ಪ್ರಮಾಣ, ಎಲೆಕ್ಟ್ರಾನ್ ಕೊಡುವ ವಸ್ತು ಸರಿಯಾಗಿದ್ದರೆ ತುಣುಕುಗಳು ತಾವೇ ಕೂಡಿಕೊಳ್ಳುತ್ತವೆ. ಕೊಟ್ಟ ಎಲೆಕ್ಟ್ರಾನ್ ಒಂದೇ ಪರಮಾಣುವಿನ ಖಾತೆಯಲ್ಲಿ ಕೂರದೆ ಪಕ್ಕದ್ದಕ್ಕೆ ಹಾರುತ್ತದೆ. ನೀಲಿಗೆ ಅದೇ ಕಾರಣ. ವಾಣಿಜ್ಯದವಳಾದ ನನಗೆ ಇದು ಬೇಗ ಅರ್ಥವಾಯಿತು.

“ನೀಲಾ?” ಅಬ್ಬಾ ಮತ್ತೊಮ್ಮೆ ಕೇಳಿದರು. ಉರ್ದುವಿನಲ್ಲೂ ಕನ್ನಡದಲ್ಲೂ ಹೆಚ್ಚುಕಡಿಮೆ ಒಂದೇ ಮಾತು. ಮರುದಿನ ಎರಡೇ ಚೀಲ ಡಿಎಪಿ ತಂದರು. ಸಾರಜನಕ ಕಡಿಮೆಯಾಗದಂತೆ ಒಂದು ಚೀಲ ಯೂರಿಯಾ ಸೇರಿಸಿದರು. ವಹಿಯಲ್ಲಿ ಸುಮಾರು 2,400 ರೂಪಾಯಿ ಉಳಿತಾಯ ಬರೆದೆ.

ರಂಜಕ ಸಾಲದಿದ್ದರೆ ಗೋವಿನಜೋಳದ ಎಲೆ ನೇರಳೆಗೆ ತಿರುಗುತ್ತದೆ. ದಿನಾಲೂ ಫಜ್ರ್ ನಮಾಜ್ ಮುಗಿಸಿ ಅಬ್ಬಾ ಹೊಲಕ್ಕೆ ಹೋಗಿ ಎಲೆ ನೋಡಿ ಬರುತ್ತಾರೆ. ಬಂದ ಕೂಡಲೇ ನಾನು ಅವರ ಮುಖ ನೋಡುತ್ತೇನೆ. ಇವತ್ತಿಗೂ ಹಸಿರೇ ಇದೆ.